ಬೋರ್‌ವೆಲ್ ಮುಚ್ಚಿದ ಮೇಲೂ ಬರುವ ಕ್ಯಾನ್ಸರ್

ಸಂಪಾದಕರಿಗೆ,

ಮಾನ್ಯರೇ,

ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ಬೋರ್‌ವೆಲ್ ನೀರಿನಲ್ಲಿ ಆರ್ಸೆನಿಕ್ ಎಂಬ ವಿಷ ಇದೆ, ಅಲ್ಲಿನವರ ಅಂಗೈ ಅಂಗಾಲು ಒರಟಾಗಿ ಗಂಟು ಕಟ್ಟಿವೆ ಎಂಬ ಸುದ್ದಿ ಬಂದು ಹತ್ತು ವರ್ಷದ ಮೇಲಾಯಿತು. ಈಗ ಆ ಮಾತೆತ್ತಿದರೆ, ‘ಬೇರೆ ನೀರು ಕೊಟ್ಟರೆ ಆಯ್ತಲ್ಲ, ಇನ್ನೇನು?’ ಅನ್ನುವವರೇ ಜಾಸ್ತಿ. ನನ್ನ ತಕರಾರು ಆ ‘ಇನ್ನೇನು’ ಬಗ್ಗೆಯೇ.

ಚಿಲಿ ದೇಶದ ಆಂಟೊಫಗಸ್ಟಾ ನಗರಕ್ಕೆ 1958ರಲ್ಲಿ ಹೊಸ ನದಿಯ ನೀರು ಬಂತು. ಅದರಲ್ಲಿ ಲೀಟರಿಗೆ 800 ಮೈಕ್ರೋಗ್ರಾಂಗೂ ಹೆಚ್ಚು ಆರ್ಸೆನಿಕ್ ಇತ್ತು. ನಮ್ಮಲ್ಲಿ ಕುಡಿಯುವ ನೀರಿಗೆ ಇರುವ ಮಿತಿ 10. 1970ರ ಹೊತ್ತಿಗೆ ಶುದ್ಧೀಕರಣ ಘಟಕ ಬಂತು, ವಿಷ ಇಳಿಯಿತು. ಶ್ವಾಸಕೋಶ ಮತ್ತು ಮೂತ್ರಕೋಶದ ಕ್ಯಾನ್ಸರಿನ ಸಾವುಗಳು ಮಾತ್ರ ಇಳಿಯಲಿಲ್ಲ. ದಶಕಗಳ ನಂತರವೂ ಅವು ದೇಶದ ಬೇರೆ ಕಡೆಗಿಂತ ಹೆಚ್ಚೇ ಇದ್ದವು. ತಾಯಿಯ ಹೊಟ್ಟೆಯಲ್ಲಿದ್ದಾಗ ಆ ನೀರಿನ ಪಾಲು ಪಡೆದವರನ್ನೂ ದೊಡ್ಡವರಾದ ಮೇಲೆ ಈ ಕ್ಯಾನ್ಸರ್ ಬಿಡಲಿಲ್ಲ.

ಆರ್ಸೆನಿಕ್ ಮೈಯಲ್ಲಿ ಬಹಳ ದಿನ ಉಳಿಯುವುದಿಲ್ಲ. ಲಿವರ್ ಅದರ ರೂಪ ಬದಲಿಸುತ್ತದೆ, ಬಹುಪಾಲು ಮೂತ್ರದಲ್ಲಿ ಹೋಗುತ್ತದೆ. ಆದರೆ ಈ ಬದಲಾವಣೆಯ ನಡುವೆ ಹುಟ್ಟುವ ಕೆಲವು ರೂಪಗಳು ಮೂಲ ವಿಷಕ್ಕಿಂತ ಕೆಟ್ಟವು. ಅವು ಡಿಎನ್‌ಎಗೆ ಪೆಟ್ಟು ಕೊಡುತ್ತವೆ. ಆ ಪೆಟ್ಟನ್ನು ರಿಪೇರಿ ಮಾಡುವ ಪ್ರೋಟೀನ್‌ಗಳ ಕೈಯನ್ನೂ ಕಟ್ಟಿಹಾಕುತ್ತವೆ. ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬ ಗುರುತುಗಳೂ ಅದಲುಬದಲಾಗುತ್ತವೆ. ಕೆಟ್ಟ ಕೋಶ ಸಾಯದೆ ಒಡೆದು ಒಡೆದು ಹೆಚ್ಚುತ್ತದೆ, ಗಡ್ಡೆಯಾಗಿ ಕಾಣಿಸುವಷ್ಟರಲ್ಲಿ ಇಪ್ಪತ್ತು ಮೂವತ್ತು ವರ್ಷ ಕಳೆದಿರಬಹುದು. ಬೀಡಿ ಸಿಗರೇಟಿನ ಚಟವೂ ಇದ್ದರೆ ಶ್ವಾಸಕೋಶಕ್ಕೆ ಅಪಾಯ ಇನ್ನೂ ಹೆಚ್ಚು. (ಕುದಿಸಿ ಕುಡಿದರೆ ಸಾಕು ಎಂಬ ಸಲಹೆ ಇಲ್ಲಿ ನಡೆಯದು. ಕುದಿಸಿದಷ್ಟೂ ನೀರು ಆವಿಯಾಗುತ್ತದೆ, ಆರ್ಸೆನಿಕ್ ಅಲ್ಲೇ ಉಳಿಯುತ್ತದೆ.)

ಅಂದರೆ, ನೀರು ಬದಲಾಗಿ ವರ್ಷಗಳಾದ ಮೇಲೆ ಮೂತ್ರ ಪರೀಕ್ಷೆ ಮಾಡಿದರೆ ಹಳೆಯ ವಿಷ ಸಿಗುವುದಿಲ್ಲ. ನಮ್ಮ ಕಡೆಯ ತಾಂಡಾಗಳ ಜನ ದುಡಿಯಲು ಪುಣೆ, ಮುಂಬೈ, ಬೆಂಗಳೂರಿಗೆ ಹೋಗುತ್ತಾರೆ. ಅಲ್ಲಿನ ಡಾಕ್ಟರಿಗೆ ಇವರು ಚಿಕ್ಕವರಿದ್ದಾಗ ಯಾವ ಬೋರ್‌ವೆಲ್ ನೀರು ಕುಡಿದರು ಅಂತ ಹೇಗೆ ಗೊತ್ತಾಗಬೇಕು? ಆದ್ದರಿಂದ ಆ ನೀರು ಕುಡಿದವರ ಹೆಸರು, ಕುಡಿದ ವರ್ಷಗಳು, ನೀರಿನಲ್ಲಿದ್ದ ಆರ್ಸೆನಿಕ್ ಪ್ರಮಾಣ ಬರೆದ ಒಂದು ಆರೋಗ್ಯ ಕಾರ್ಡನ್ನು ಪ್ರತಿಯೊಬ್ಬರ ಕೈಗೂ ಕೊಡಬೇಕು. ವರ್ಷಕ್ಕೊಮ್ಮೆ ಚರ್ಮದ ತಪಾಸಣೆ ಆಗಬೇಕು. ಮೂತ್ರದಲ್ಲಿ ರಕ್ತ ಕಂಡರೆ ಉಷ್ಣ ಅಂತ ಮನೆಯಲ್ಲಿ ಕೂರದೆ ಕೂಡಲೇ ದೊಡ್ಡಾಸ್ಪತ್ರೆಗೆ ಹೋಗುವಂತೆ ಆಶಾ ಕಾರ್ಯಕರ್ತೆಯರ ಮೂಲಕ ಲಂಬಾಣಿ ಭಾಷೆಯಲ್ಲೇ ತಿಳಿಸಬೇಕು.

– ಓದುಗ, ಯಾದಗಿರಿ