ಗ್ರಿನಿಚ್‌ನ ಲ್ಯಾಂಬಾರ್ಡ್ ಸಾಹೇಬರ ಕಥೆ: ಮಕ್ಕಳ ಕನ್ನಡ ಪುಸ್ತಕಕ್ಕೆ ನಿಮ್ಮ ದೇಣಿಗೆ ಬೇಕು

ಕನ್ನಡ ಬಂಧುಗಳೇ, ನಮಸ್ಕಾರ.

ಲಂಡನ್‌ನ ಗ್ರಿನಿಚ್ ರೈಲು ನಿಲ್ದಾಣದ ಎದುರಿಗೆ ಅಂಗಳದ ಸುತ್ತ ಹಬ್ಬಿರುವ ಪುಟ್ಟ ಮನೆಗಳನ್ನು ನೀವು ನೋಡಿರಬಹುದು. ನಮ್ಮ ಶನಿವಾರದ ಕನ್ನಡ ತರಗತಿಯ ಮಕ್ಕಳು ಒಂದು ದಿನ ಅಲ್ಲಿ ನಿಂತು, "ಆಂಟಿ, ಇದು ಯಾರ ಮನೆ?" ಎಂದು ಕೇಳಿದರು. ಉತ್ತರ ಹುಡುಕುತ್ತಾ ಹೋದದ್ದು ಒಂದು ಪುಸ್ತಕದ ಹಸ್ತಪ್ರತಿಯಾಗಿ ಮುಗಿದಿದೆ. ಈಗ ಅಚ್ಚು ಹಾಕಿಸಲು ದುಡ್ಡಿಲ್ಲ.

ಆ ಮನೆಗಳನ್ನು ಮೊದಲು ಕಟ್ಟಿಸಿದವರು ವಿಲಿಯಂ ಲ್ಯಾಂಬಾರ್ಡ್. 1536ರಲ್ಲಿ ಲಂಡನ್‌ನಲ್ಲಿ ಹುಟ್ಟಿದ, ಬಟ್ಟೆ ವ್ಯಾಪಾರಿಯ ಮಗ. ಅಪ್ಪ ತೀರಿಕೊಂಡಾಗ ವಯಸ್ಸು ಇನ್ನೂ 18 ತುಂಬಿರಲಿಲ್ಲ. ಗ್ರಿನಿಚ್‌ನ ವೆಸ್ಟ್‌ಕೂಂಬ್ ಜಮೀನು ಕೈಗೆ ಬಂತು. ಲಂಡನ್‌ನ ವಕೀಲರ ಸಂಸ್ಥೆಯಾದ ಲಿಂಕನ್ಸ್ ಇನ್‌ನಲ್ಲಿ ಕಾನೂನು ಓದಿದರು. ಕೆಂಟ್ ಸೀಮೆಯ ಊರುಗಳ ಬಗ್ಗೆ ಅವರು ಬರೆದ ಪುಸ್ತಕ 1576ರಲ್ಲಿ ಅಚ್ಚಾಯಿತು. ಒಂದು ಇಡೀ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಚರಿತ್ರೆ ಹೀಗೆ ಪುಸ್ತಕವಾಗಿ ಬಂದದ್ದು ಇಂಗ್ಲೆಂಡಿನಲ್ಲಿ ಅದೇ ಮೊದಲು. ಅದೇ ವರ್ಷ 20 ಮಂದಿ ಬಡವರಿಗೆ ಈ ಧರ್ಮಛತ್ರವನ್ನು ರಾಣಿ ಎಲಿಜಬೆತ್ ಹೆಸರಿನಲ್ಲಿ ತೆರೆದರು. ಉಸ್ತುವಾರಿಯನ್ನು ಅಪ್ಪನ ಕಾಲದಿಂದ ನಂಟಿದ್ದ ಬಟ್ಟೆ ವರ್ತಕರ ಸಂಘ, ಡ್ರೇಪರ್ಸ್ ಕಂಪನಿಗೆ ಒಪ್ಪಿಸಿದರು. ಈಗ ನಿಂತಿರುವ ಕಟ್ಟಡ 19ನೇ ಶತಮಾನದ್ದು. ಆದರೆ ಧರ್ಮ ನಿಂತಿಲ್ಲ: ಇವತ್ತಿಗೂ ಅಲ್ಲಿ ವಯಸ್ಸಾದವರು ವಾಸವಿದ್ದಾರೆ, ನೋಡಿಕೊಳ್ಳುತ್ತಿರುವುದೂ ಅದೇ ಸಂಘ.

1579ರಲ್ಲಿ ಅವರನ್ನು ಕೆಂಟ್‌ನ ಮ್ಯಾಜಿಸ್ಟ್ರೇಟ್ ಮಾಡಿದರು. ನಮ್ಮ ಮಕ್ಕಳಿಗೆ ತುಂಬಾ ಹಿಡಿಸಿದ್ದು ಈ ಭಾಗ. ಜಗಳ ಬಿಡಿಸಿ ಮುಚ್ಚಳಿಕೆ ಬರೆಸಿಕೊಳ್ಳುವುದು, ಕಳ್ಳರನ್ನು ಸೆರೆಮನೆಗೆ ಕಳಿಸುವುದು, ಹೆಂಡದಂಗಡಿಗೆ ಪರವಾನಗಿ ಕೊಡುವುದು, ಅಲೆಮಾರಿಗಳ ವಿಚಾರಣೆ, ಮದುವೆಯಿಲ್ಲದೆ ಹುಟ್ಟಿದ ಮಗುವಿನ ಅಪ್ಪನಿಂದ ಜೀವನಾಂಶ ಕೊಡಿಸುವುದು, ಎಲ್ಲವೂ ಒಬ್ಬರ ತಲೆಯ ಮೇಲೆ. "ಹಾಗಾದ್ರೆ ಪಟೇಲರೂ ಶಾನುಭೋಗರೂ ಒಬ್ಬರೇ" ಎಂದರು ಊರಿನಿಂದ ಬಂದಿದ್ದ ಒಬ್ಬ ಅಜ್ಜ. ಸಂಬಳವಿಲ್ಲ, ವರ್ಷಕ್ಕೆ ನಾಲ್ಕು ಬಾರಿ ಕೂಡುವ ನ್ಯಾಯಸಭೆಯ ದಿನಗಳಲ್ಲಿ ದಿನಕ್ಕೆ 4 ಷಿಲಿಂಗ್ ಭತ್ಯೆ, ಅಷ್ಟೇ. 1580ರಿಂದ 1588ರವರೆಗೆ ಯಾವ ದಿನ ಯಾರ ವಿಷಯದಲ್ಲಿ ಏನು ಮಾಡಿದೆ ಎಂದು ದಿನಚರಿ ಬರೆದಿಟ್ಟರು. ಮ್ಯಾಜಿಸ್ಟ್ರೇಟರಿಗಾಗಿಯೇ ಒಂದು ಕೈಪಿಡಿ ಬರೆದು, ಕಾನೂನುಗಳ ಈ ಬಣವೆ ಹೊತ್ತರೆ ಬೆನ್ನು ಮುರಿಯದೇ ಇರುತ್ತದೆಯೇ ಎಂದು ಅದರಲ್ಲಿ ಗೊಣಗಿದ್ದಾರೆ.

ಮನೆಯ ಕಥೆಯಲ್ಲಿ ಸಂಕಟವೇ ಹೆಚ್ಚು. 1570ರಲ್ಲಿ ಕೈಹಿಡಿದ ಜೇನ್ ಮುಲ್ಟನ್ ಮೂರೇ ವರ್ಷದಲ್ಲಿ ಸಿಡುಬಿಗೆ ಬಲಿಯಾದಳು, ಮಕ್ಕಳಿರಲಿಲ್ಲ. ಹತ್ತು ವರ್ಷ ಕಳೆದು ಹಾಲಿಂಗ್ ಊರಿನ ವಿಧವೆ ಸಿಲ್ವೆಸ್ಟರ್ ಡಾಲಿಸನ್‌ಳನ್ನು ಮದುವೆಯಾದರು. ಅವಳ ಹೊಟ್ಟೆಯಲ್ಲಿ ಹುಟ್ಟಿದ ಮೊದಲ ಮಗನಿಗೆ ಇಟ್ಟ ಹೆಸರು ಮುಲ್ಟನ್, ತೀರಿಹೋದ ಮೊದಲ ಹೆಂಡತಿಯ ತವರುಮನೆಯ ಹೆಸರು! 1587ರಲ್ಲಿ ಸಿಲ್ವೆಸ್ಟರ್ ಅವಳಿ ಮಕ್ಕಳನ್ನು ಹೆತ್ತು ತೀರಿಕೊಂಡಳು. ಹಾಲಿಂಗ್ ಚರ್ಚಿನ ಹಿತ್ತಾಳೆ ಫಲಕದಲ್ಲಿ ಅವಳು ಮಂಚದ ಮೇಲೆಯೇ ಇದ್ದಾಳೆ, ಬಾಣಂತಿಯಾಗಿ, ಸುತ್ತ ಮಕ್ಕಳು. ಆ ಫಲಕದ ಚಿತ್ರವನ್ನು ನಮ್ಮ ಒಬ್ಬ ವಿದ್ಯಾರ್ಥಿನಿ ಪೆನ್ಸಿಲ್‌ನಲ್ಲಿ ಬಿಡಿಸಿದ್ದಾಳೆ. ಪುಸ್ತಕದ ನಡುಪುಟ ಅದಕ್ಕೇ ಮೀಸಲು.

ಲ್ಯಾಂಬಾರ್ಡ್ 1601ರ ಆಗಸ್ಟ್‌ನಲ್ಲಿ ವೆಸ್ಟ್‌ಕೂಂಬ್‌ನಲ್ಲೇ ಕಣ್ಣುಮುಚ್ಚಿದರು.

ಇನ್ನು ಲೆಕ್ಕ. 40 ಪುಟ, 250 ಪ್ರತಿ. ಮುದ್ರಣ, ಸಾಗಣೆ ಸೇರಿ 900 ಪೌಂಡ್. ದೀಪಾವಳಿ ಊಟದ ದಿನ ಇಟ್ಟ ಡಬ್ಬಿಯಲ್ಲಿ 310 ಪೌಂಡ್ ಕೂಡಿದೆ. ಸಾಗಣೆ ಏಕೆಂದರೆ, ಯುಗಾದಿ ಸಂಚಿಕೆಯನ್ನು ಇಲ್ಲಿಯೇ ಒಂದು ಮುದ್ರಣಾಲಯಕ್ಕೆ ಕೊಟ್ಟು ಕೈ ಸುಟ್ಟುಕೊಂಡೆವು: ಒತ್ತಕ್ಷರಗಳೆಲ್ಲ ಕಳಚಿ ಪಕ್ಕಕ್ಕೆ ಬಿದ್ದು, 'ಅಮ್ಮ' ಓದಲಾಗದಂತಾಗಿತ್ತು. ಈ ಸಲ ಬೆಂಗಳೂರಿನಲ್ಲೇ ಅಚ್ಚು.

ಐದು ಪೌಂಡ್ ಕೊಟ್ಟರೂ ಸಂತೋಷ. ಕೊಟ್ಟವರ ಹೆಸರು ಕೊನೆಯ ಪುಟದಲ್ಲಿರುತ್ತದೆ, ಬೇಡವೆಂದರೆ ಹಾಕುವುದಿಲ್ಲ. ರಶೀದಿ ಎಲ್ಲರಿಗೂ ಕೊಡುತ್ತೇವೆ, ಖರ್ಚಿನ ಪಟ್ಟಿಯನ್ನು ತರಗತಿಯ ಬಾಗಿಲಿಗೆ ಅಂಟಿಸುತ್ತೇವೆ. ಶನಿವಾರ ಮಕ್ಕಳನ್ನು ಬಿಡಲು ಬಂದಾಗ ಖಜಾಂಚಿಯವರ ಕೈಗೆ ಕೊಡಿ. ಕರಡು ತಿದ್ದಲು ಬರುವವರಿದ್ದರೆ ಅದೂ ದೇಣಿಗೆಯೇ, ಕೆಂಪು ಪೆನ್ನು ನಾವು ಕೊಡುತ್ತೇವೆ.

ಇಂತಿ ನಿಮ್ಮ,
ಶನಿವಾರದ ಕನ್ನಡ ತರಗತಿಯ ಶಿಕ್ಷಕರು ಮತ್ತು ಪೋಷಕರು