ಬೆಂಗಳೂರು ಬ್ಲೂ ತೋಟಕ್ಕೆ ಸಾವಯವ ಪತ್ರ ಬಂತು, ಋಣ ಇರುವವರಿಗೆಲ್ಲ ನಮಸ್ಕಾರ

ನಮ್ಮ ತೋಟಕ್ಕೆ ಸಾವಯವ ದೃಢೀಕರಣ ಪತ್ರ ಕೈಗೆ ಬಂದಿದೆ. ಬರೀ ನಮ್ಮ ಹಣ್ಣಿನಿಂದಲೇ ಮಾಡಿದ ವೈನು ಮೊದಲ ಸಲ ಬೇರೆ ಟ್ಯಾಂಕಿನಲ್ಲಿ ತಯಾರಾಗಿದೆ. ದೊಡ್ಡಬಳ್ಳಾಪುರದ ಕಡೆ ಮುತ್ತಾತನ ಕಾಲದಿಂದ ಬೆಂಗಳೂರು ಬ್ಲೂ ಎಂಬ ಕಪ್ಪು ದ್ರಾಕ್ಷಿ ಬೆಳೆಯುತ್ತ ಬಂದ ಮನೆ ನಮ್ಮದು. ಈ ಎರಡೂ ಸುದ್ದಿ ಒಟ್ಟಿಗೆ ಕೇಳಿದ ದಿನ ಅಪ್ಪ ಮಾತಾಡದೆ ತೋಟಕ್ಕೆ ಹೋಗಿಬಿಟ್ಟರು. ಅವರ ಪರವಾಗಿಯೂ ಇದನ್ನು ನಾನೇ ಬರೆಯುತ್ತಿದ್ದೇನೆ.

2021ರ ನವೆಂಬರಿನ ಮಳೆಯನ್ನು ನಮ್ಮ ಸೀಮೆಯ ದ್ರಾಕ್ಷಿಯವರು ಯಾರೂ ಮರೆತಿಲ್ಲ. ಚಪ್ಪರದಲ್ಲೇ ಹಣ್ಣು ಒಡೆದು ಕೊಳೆಯಿತು, ಎಲೆಗೆಲ್ಲ ಡೌನಿ ಎಂಬ ಬೂಜು ರೋಗ ಹತ್ತಿತು. ಅಪ್ಪ ಮಳೆ ಬಿಟ್ಟಾಗಲೆಲ್ಲ ಔಷಧಿ ಹೊಡೆದರು. ಕೈ ಚರ್ಮ ಸುಲಿದು, ರಾತ್ರಿಯೆಲ್ಲ ಕೆಮ್ಮುತ್ತಿದ್ದರು. ಇನ್ನು ಈ ಡಬ್ಬಗಳು ಮನೆಯೊಳಗೆ ಬರಕೂಡದು ಎಂದು ಮೊದಲು ಹೇಳಿದವರು ಅಮ್ಮ. ಸಾಲ ತಲೆಯ ಮೇಲಿದ್ದಾಗ ಆ ಮಾತಾಡಲು ಎಷ್ಟು ಗುಂಡಿಗೆ ಬೇಕಿತ್ತೆಂದು ನನಗೀಗ ತಿಳಿಯುತ್ತಿದೆ. ಅಮ್ಮಾ, ಮೊದಲ ನಮಸ್ಕಾರ ನಿಮಗೆ.

ದ್ರಾಕ್ಷಿಯಂಥ ಬಹುವರ್ಷದ ಬೆಳೆಗೆ ಪತ್ರ ಸಿಗಬೇಕಾದರೆ ಪರಿವರ್ತನೆಗೇ ಮೂರು ವರ್ಷ ಬೇಕು. ಆ ಅವಧಿಯಲ್ಲಿ ರಾಸಾಯನಿಕ ಮುಟ್ಟುವ ಹಾಗಿಲ್ಲ, ಸಾವಯವದ ಬೆಲೆಯೂ ಸಿಗುವುದಿಲ್ಲ. ಮೊದಲ ವರ್ಷ ಗೊನೆ ಸಣ್ಣದಾಯಿತೆಂದು ಹಳೆಯ ವ್ಯಾಪಾರಿಯೊಬ್ಬರು ಅರ್ಧ ತೋಟ ನೋಡಿ, ಬಂದ ದಾರಿ ಹಿಡಿದು ವಾಪಸಾದರು. ಆಗ ನಮ್ಮನ್ನು ಉಳಿಸಿದವರು ನಂದಿ ಬೆಟ್ಟದ ರಸ್ತೆಯಲ್ಲಿ ಕಾರು ನಿಲ್ಲಿಸಿ, ಹುಳಿ ಮಿಶ್ರಿತ ಸಿಹಿಯ ಆ ಕಪ್ಪು ಹಣ್ಣನ್ನು ಚೌಕಾಸಿ ಮಾಡದೆ ಕೊಂಡವರು. ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಆ ವರ್ಷದ ಕೂಲಿ ಬಟವಾಡೆಯಾದದ್ದು ನಿಮ್ಮ ದುಡ್ಡಿನಿಂದ.

ಔಷಧಿ ಇಲ್ಲದೆ ವೈನ್ ದ್ರಾಕ್ಷಿ ಬರುವುದಿಲ್ಲ ಎಂದು ಊರೆಲ್ಲ ಹೇಳುತ್ತಿದ್ದಾಗ, ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಯೊಬ್ಬರು ನಮ್ಮ ಜಗಲಿಯ ಮೇಲೆ ಕೂತು ಫ್ರಾನ್ಸಿನ ಶಾತೋ ದ ಬೋಕಾಸ್ತೆಲ್ ಎಂಬ ವೈನ್ ತೋಟದ ಬಗ್ಗೆ ಹೇಳಿದರು. 1909ರಿಂದ ಒಂದೇ ಕುಟುಂಬದ ಕೈಯಲ್ಲಿರುವ ತೋಟವದು. ಆ ಮನೆಯ ಝಾಕ್ ಪೆರಾಂ ಅವರು 1950ರಲ್ಲೇ, ಸುತ್ತ ಎಲ್ಲರೂ ರಾಸಾಯನಿಕದ ಕಡೆ ಓಡುತ್ತಿದ್ದಾಗ, ಅಲ್ಲಿ ಸಾವಯವಕ್ಕೆ ಹೊರಳಿದರಂತೆ. ಆದರೆ ಸರ್ ನಮಗೆ ಬರೀ ಹುರುಪು ತುಂಬಿ ಹೋಗಲಿಲ್ಲ. ಅಲ್ಲಿ ಮಿಸ್ತ್ರಾಲ್ ಎಂಬ ಒಣಗಾಳಿ ಬೀಸಿ ಎಲೆಯ ತೇವ ಆರಿಸುತ್ತದೆ, ನಿಮ್ಮಲ್ಲಿ ಮಳೆಗಾಲ ಇದೆ, ಆ ಗಾಳಿಯ ಕೆಲಸವನ್ನು ನೀವೇ ಮಾಡಬೇಕು ಎಂದರು. ಚಪ್ಪರದ ಬಳ್ಳಿ ತೆಳುವಾಗಿಸಿ, ಗೊನೆಯ ಸುತ್ತಲಿನ ಎಲೆ ತೆಗೆದು ಗಾಳಿಯಾಡುವಂತೆ ಮಾಡುವುದನ್ನು ಕೈಹಿಡಿದು ತೋರಿಸಿದರು. ಬೆಂಗಳೂರು ಬ್ಲೂ ಚಿಬ್ಬು ರೋಗವನ್ನು ತಡೆದುಕೊಳ್ಳುತ್ತದೆ, ಡೌನಿಗೆ ಮಾತ್ರ ಬೇಗ ಸೋಲುತ್ತದೆ. ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣಕ್ಕೆ ಸಾವಯವದಲ್ಲೂ ಅವಕಾಶವಿದೆ. ಆದರೆ ಮೈಲುತುತ್ತದಲ್ಲಿರುವ ತಾಮ್ರ ಮಣ್ಣಿನಲ್ಲಿ ಕೂತರೆ ಹೋಗುವುದಿಲ್ಲ, ಅಳತೆ ಮೀರಬೇಡಿ ಎಂದು ಪದೇ ಪದೇ ಎಚ್ಚರಿಸಿದರು. ಈಗ ಸಾಲುಗಳ ನಡುವೆ ಹುರುಳಿ, ಅಪ್ಸೆಣಬು ಬೆಳೆದು ಅಲ್ಲೇ ಮಗುಚುತ್ತೇವೆ. ಮಣ್ಣು ಕೆದಕಿದರೆ ಎರೆಹುಳು ಸಿಗುತ್ತವೆ. ಸರ್, ಬಂದು ನೋಡಿ.

ತೋಟದ ಕೆಲಸಕ್ಕೆ ಬರುವ ಅಕ್ಕಂದಿರಿಗೆ ಏನು ಹೇಳಲಿ? ಕಳೆನಾಶಕ ನಿಂತಾಗ ಆ ದುಡಿಮೆಯೆಲ್ಲ ನಿಮ್ಮ ಸೊಂಟದ ಮೇಲೆ ಬಿತ್ತು. ರೋಗದ ಎಲೆಯನ್ನು ನಮಗಿಂತ ಮೊದಲು ಕಂಡವರೂ ನೀವೇ. ಸಾವಯವ ಎಂದರೆ ಹಸು, ಗಂಜಲ, ಜೀವಾಮೃತ ಎಂದಷ್ಟೇ ಮಾತಾಡುವವರು ನಿಮ್ಮ ಕೂಲಿಯ ಲೆಕ್ಕವನ್ನೂ ಹೇಳಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ವೈನ್ ಮಾಡಿದವರಿಗೆ ವಿಶೇಷ ಕೃತಜ್ಞತೆ. ಬೆಂಗಳೂರು ಬ್ಲೂಗೆ 2013ರಲ್ಲಿ ಭೌಗೋಳಿಕ ಮಾನ್ಯತೆ (ಜಿಐ ಟ್ಯಾಗ್) ಸಿಕ್ಕಿದ್ದರೂ, ಅದು ಜ್ಯೂಸಿಗೆ, ಹೆಚ್ಚೆಂದರೆ ಸಿಹಿ ಪೋರ್ಟ್ ವೈನಿಗೆ ಎಂದು ಮೂಗು ಮುರಿಯುವವರೇ ಜಾಸ್ತಿ. ನೀವು ಅದರ ಗಾಢ ವಾಸನೆಯನ್ನೂ ಹುಳಿಯನ್ನೂ ಮುಚ್ಚಲು ಹೋಗಲಿಲ್ಲ. ಪೊಟ್ಟಣದ ಯೀಸ್ಟ್ ಹಾಕದೆ, ಹಣ್ಣಿನ ಜೊತೆ ಬಂದದ್ದು, ಕೋಣೆಯಲ್ಲಿದ್ದದ್ದು ತಾನಾಗಿ ಹುದುಗೆಬ್ಬಿಸುವ ತನಕ ಕಾದಿರಿ. ಮೇಲೆ ತೇಲುವ ಸಿಪ್ಪೆಯನ್ನು ಹೊತ್ತುಹೊತ್ತಿಗೆ ಅದುಮಿ, ರಸ ಬಿಸಿಯೇರದಂತೆ ನಿದ್ದೆಗೆಟ್ಟಿರಿ. ಸಿಹಿ ಉಳಿಯದ ಕೆಂಪು ವೈನಿಗೆ ಯೂರೋಪಿನ ಸಾವಯವ ನಿಯಮ ಲೀಟರಿಗೆ 100 ಮಿಲಿಗ್ರಾಂ ತನಕ ಸಲ್ಫೈಟ್ (ವೈನು ಕೆಡದಂತೆ ಹಾಕುವ ಗಂಧಕದ ಸಂಯುಕ್ತ) ಒಪ್ಪುತ್ತದೆ. ನೀವು ಅದಕ್ಕಿಂತ ಬಹಳ ಕೆಳಗೇ ನಿಂತಿರಿ. ನಮ್ಮಜ್ಜಿ ವೈನು ಮುಟ್ಟುವವರಲ್ಲ. ಆದರೂ ಲೋಟವನ್ನು ಮೂಗಿನ ಹತ್ತಿರ ತಂದು, "ನಮ್ಮ ಹಣ್ಣೇ ಕಣೇ ಇದು" ಅಂದರು. ಇದಕ್ಕಿಂತ ದೊಡ್ಡ ಬಹುಮಾನ ನಮ್ಮ ಮನೆಯಲ್ಲಿ ಇಲ್ಲ.

ಕೊನೆಯದಾಗಿ ಪಕ್ಕದ ತೋಟದ ಚಿಕ್ಕಪ್ಪನಿಗೆ. ಅವರ ಔಷಧಿ ಗಾಳಿಯಲ್ಲಿ ನಮ್ಮ ಕಡೆ ಬಂದಿದ್ದರೆ ನಮ್ಮ ಪತ್ರವೇ ಬರುತ್ತಿರಲಿಲ್ಲ. ಬದುವಿಗೆ ಅಂಟಿದ ಸಾಲುಗಳಿಗೆ ಅವರು ಹೊಡೆಯುವುದನ್ನೇ ಬಿಟ್ಟರು, ಉಳಿದದ್ದಕ್ಕೆ ಗಾಳಿ ನಿಂತ ಮುಂಜಾವದಲ್ಲಿ ಹೊಡೆದರು. ಅದರಿಂದಾದ ನಷ್ಟವನ್ನು ಒಂದು ದಿನವೂ ಎತ್ತಿ ಆಡಲಿಲ್ಲ. ಈ ಸಲ ಅವರೂ ತೋಟದ ಒಂದು ಭಾಗವನ್ನು ಸಾವಯವಕ್ಕೆ ನೋಂದಾಯಿಸಿದ್ದಾರೆ. ಚಿಕ್ಕಪ್ಪಾ, ನಮ್ಮ ದಾಖಲೆ ಪುಸ್ತಕಗಳನ್ನೆಲ್ಲ ನಿಮ್ಮ ಮನೆಗೆ ಕಳಿಸಿದ್ದೇನೆ. ತಪಾಸಣೆಗೆ ಬರುವವರು ಮೊದಲು ಕೇಳುವುದು ಗೊಬ್ಬರ ಕೊಂಡ ರಸೀದಿಗಳನ್ನು. ಅವನ್ನು ಇವತ್ತಿನಿಂದಲೇ ಒಂದು ಕಡೆ ಎತ್ತಿಡಿ.