3 ಅಕ್ಷರಕ್ಕೆ 13 ಸಲ ದಿಟ್ಟಿಸ್ಬೇಕಾ?

ಸಂಪಾದಕರಿಗೆ ನಮಸ್ಕಾರ,

ವಿಆರ್ ಹೆಡ್‌ಸೆಟ್ (ಕಣ್ಣಿಗೆ ಕಟ್ಕೊಂಡ್ರೆ ಸುತ್ತ ಬೇರೆ ಲೋಕಾನೇ ತೋರ್ಸೋ ಸಾಧನ) ಅಂದ್ರೆ ಎಲ್ರೂ ಗೇಮು ಸಿನಿಮಾ ಅಂತಾನೇ ಬರೀತಾರೆ, ಅದನ್ನ ಹಾಕ್ಕೊಂಡು ನಾಲ್ಕು ಸಾಲು ಟೈಪ್ ಮಾಡೋದು ಹೇಗೆ ಅಂತ ಯಾರೂ ಕೇಳಲ್ಲ. ನಾನು ಕೇಳ್ತೀನಿ, ಯಾಕಂದ್ರೆ ಬೈಕ್ ಆಕ್ಸಿಡೆಂಟ್ ಆದ್ಮೇಲೆ ನನ್ನ ಭಾವಮೈದನಿಗೆ ಕೈ ಎರಡೂ ಆಡಲ್ಲ, ಕತ್ತು ಕಣ್ಣು ಮಾತ್ರ ಅವನು ಹೇಳಿದ್ಹಂಗೆ ಕೇಳ್ತವೆ.

ಪರಿಚಯದವರದ್ದೊಂದು ಹೆಡ್‌ಸೆಟ್ ತಂದು ಹಾಕಿ ನೋಡಿದ್ವಿ. ಕಣ್ಮುಂದೆ ಕೀಬೋರ್ಡ್ ತೇಲುತ್ತೆ, ಒಂದು ಅಕ್ಷರಾನೇ ದಿಟ್ಟಿಸ್ಕೊಂಡು ಕಾದ್ರೆ ಅದು ಬೀಳುತ್ತೆ, ಇದಕ್ಕೆ ಡ್ವೆಲ್ ಅಂತಾರೆ. ಕಾಯೋ ಹೊತ್ತು ಕಮ್ಮಿ ಇಟ್ರೆ ನೋಡಿದ್ದೆಲ್ಲ ಒತ್ತಿಹೋಗುತ್ತೆ, ಜಾಸ್ತಿ ಇಟ್ರೆ ಕಣ್ಣುರಿ. ನೋಡಿದ್ದೆಲ್ಲ ಒತ್ತಿಹೋಗೋದನ್ನ ಸಂಶೋಧಕರು ಮಿಡಾಸ್ ಟಚ್ ಅಂತಾರೆ, ಮುಟ್ಟಿದ್ದೆಲ್ಲ ಚಿನ್ನ ಆಗ್ತಿದ್ದ ಗ್ರೀಕ್ ಕಥೆಯ ರಾಜನ ಹೆಸರು ಅದು, ನಮ್ಮವರಾಗಿದ್ರೆ ಭಸ್ಮಾಸುರನ ಕಣ್ಣು ಅಂತಿದ್ರೇನೋ!

2020ರ ಒಂದು ಅಧ್ಯಯನದಲ್ಲಿ ಕಣ್ಣು ಮಿಟುಕಿಸಿ ಟೈಪ್ ಮಾಡಿದವರಿಗೆ ನಿಮಿಷಕ್ಕೆ ಸುಮಾರು 13 ಪದ ಬಂತು, ದಿಟ್ಟಿಸಿ ಕಾದವ್ರಿಗೂ ಕತ್ತು ಮುಂದೆ ಚಾಚಿ ಆರಿಸಿದವ್ರಿಗೂ 11ರ ಆಸುಪಾಸು. ಅದು ಇಂಗ್ಲಿಷ್ ಲೆಕ್ಕ. ಕನ್ನಡದಲ್ಲಿ ‘ಸ್ವಾತಂತ್ರ್ಯ’ ಬರೀರಿ ನೋಡೋಣ. ಓದೋಕೆ 3 ಅಕ್ಷರ. ಇಂಗ್ಲಿಷ್ ಕೀಗಳಲ್ಲೇ ಕನ್ನಡ ಬರೆಯೋಕೆ ಕೆ.ಪಿ. ರಾವ್ ಅವರು ರೂಪಿಸಿದ ಕೀಬೋರ್ಡಲ್ಲಿ ಸ, ಒತ್ತಿಗೆ ಎಫ್ ಕೀ, ವ, ದೀರ್ಘ, ತ, ಸೊನ್ನೆ, ತ, ಎಫ್, ರ, ಎಫ್, ಯ, ಒಟ್ಟು 11, ದೀರ್ಘಕ್ಕೂ ಸೊನ್ನೆಗೂ ಶಿಫ್ಟ್ ಬೇರೆ, ಅಲ್ಲಿಗೆ 13. ಬೆರಳಿಗೆ ಇದು ಚೆಂದದ ವ್ಯವಸ್ಥೆ, ನಾನೇ ದಿನಾ ಬಳಸ್ತೀನಿ, ಆದ್ರೆ ಕಣ್ಣಿಗೆ ಶಿಕ್ಷೆ.

ಬಾಯಲ್ಲಿ ಹೇಳಿದ್ರೆ ಆಯ್ತಲ್ಲ ಅಂತ ಸುಮಾರು ಜನ ಅಂದ್ರು. ಬ್ಯಾಂಕ್ ಪಾಸ್‌ವರ್ಡ್ ಮನೆಯವರ ಮುಂದೆ ಕೂಗ್ಬೇಕಾ? ಹೆಂಡ್ತಿಗೆ ಮೆಸೇಜ್ ಕಳಿಸ್ಬೇಕಾದ್ರೆ ಪಕ್ಕದಲ್ಲೇ ಅತ್ತೆ ಕೂತಿರ್ತಾರೆ ಸ್ವಾಮಿ.

ಕೇಂಬ್ರಿಜ್‌ನ ಡೇವಿಡ್ ಮೆಕೇ ಅವರ ತಂಡ ಡ್ಯಾಷರ್ ಅಂತ ಬರೆಯೋ ಸಾಫ್ಟ್‌ವೇರ್ ಒಂದನ್ನ ಮಾಡಿತ್ತು, 2002ರಲ್ಲೇ ಅದರ ಬಗ್ಗೆ ನೇಚರ್ ಪತ್ರಿಕೇಲಿ ಬಂದಿದೆ, ಅಕ್ಷರಗಳು ಎದುರಿಗೆ ಹರಿದು ಬರ್ತವೆ, ಮುಂದೆ ಬರೋ ಸಾಧ್ಯತೆ ಜಾಸ್ತಿ ಇರೋದು ದೊಡ್ಡದಾಗಿ ಕಾಣುತ್ತೆ, ಕಣ್ಣಲ್ಲೇ ದಾರಿ ಹಿಡ್ಕೊಂಡು ಹೋಗೋದು, ಒತ್ತೋ ಮಾತೇ ಇಲ್ಲ. ಇದು ಕನ್ನಡದ ಜಾಯಮಾನಕ್ಕೆ ಚೆನ್ನಾಗಿ ಒಗ್ಗುತ್ತೆ ಅಂತ ನನಗನ್ಸುತ್ತೆ. ‘ಕ’ ನೋಡಿದ ತಕ್ಷಣ ಸುತ್ತ ಕಾಗುಣಿತ ಬಿಚ್ಕೊಳ್ಲಿ, ಅದರಾಚೆ ಒಂದು ಸುತ್ತು ಒತ್ತಕ್ಷರ ಇರ್ಲಿ, ಯಾವುದಕ್ಕೆ ಯಾವ ಒತ್ತು ಬರುತ್ತೆ ಅನ್ನೋದು ಅಷ್ಟೇನೂ ದೊಡ್ಡ ಪಟ್ಟಿ ಅಲ್ಲ. ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ವರ್ಷವರ್ಷ ಅದೇ ಲೈಬ್ರರಿ ಮ್ಯಾನೇಜ್‌ಮೆಂಟ್ ಪ್ರಾಜೆಕ್ಟ್ ಮಾಡಿಸೋ ಬದ್ಲು ಇದನ್ನ ಮಾಡಿಸ್ಬಾರ್ದಾ?

ಅವತ್ತು ಭಾವಮೈದ ಹೆಚ್ಚುಕಮ್ಮಿ ಎರಡು ನಿಮಿಷ ತಗೊಂಡು ‘ಊಟ ಆಯ್ತಾ’ ಅಂತ ಬರೆದ. ಕನ್ನಡ ಕೀಬೋರ್ಡ್ ಅದ್ರಲ್ಲಿ ಇರ್ಲಿಲ್ಲ, ಇಂಗ್ಲಿಷ್ ಅಕ್ಷರದಲ್ಲೇ ಬರೆದ.

- ಒಬ್ಬ ಓದುಗ, ದಾವಣಗೆರೆ